ಸಹಾಯ ಕೊಡುವಾಗಲೇ ಅದನ್ನು ತೆಗೆಯುವ ಲೆಕ್ಕ

ವಿಶೇಷ ಶಿಕ್ಷಕಿಯಾಗಿ ನಾನು ಬಿಡದೆ ಪಾಲಿಸುವ ನಿಯಮ ಒಂದಿದೆ. ಮಗುವಿಗೆ ಯಾವ ಸಹಾಯ ಕೊಟ್ಟರೂ, ಅದನ್ನು ಯಾವ ಅಳತೆ ಮುಟ್ಟಿದಾಗ, ಹೇಗೆ ಹಿಂದಕ್ಕೆ ತೆಗೆಯುತ್ತೇನೆ ಅನ್ನುವುದನ್ನು ಅದೇ ಹಾಳೆಯಲ್ಲಿ ಬರೆದಿಡಬೇಕು. ಕೈ ಹಿಡಿದು ಬರೆಸುವುದಕ್ಕೂ ಇದೇ, ತರಗತಿಯಲ್ಲಿ ಆ ಒಂದು ಮಗುವಿನ ನೆರವಿಗೆಂದೇ ಪಕ್ಕದಲ್ಲಿ ಶ್ಯಾಡೋ ಟೀಚರ್ ಕೂರಿಸುವುದಕ್ಕೂ ಇದೇ. ತೆಗೆಯುವ ಲೆಕ್ಕವಿಲ್ಲದೆ ಕೊಟ್ಟ ಸಹಾಯಕ್ಕೆ ಮಗು ಒಗ್ಗಿಹೋಗುತ್ತದೆ. ಆಮೇಲೆ ಯಾರೋ ಬಂದು ಅದನ್ನೇ ವರದಿಯಲ್ಲಿ ‘ಮಗುವಿನ ಮಿತಿ’ ಎಂದು ಬರೆಯುತ್ತಾರೆ.

ಗಾಲಿಕುರ್ಚಿ, ಶ್ರವಣ ಸಾಧನ, ಬ್ರೈಲ್, ಚಿತ್ರ ತೋರಿಸಿ ಮಾತಾಡುವ ಬೋರ್ಡು ಈ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡಕ ಬಿಚ್ಚಿಟ್ಟು ಓದು ಅಂತ ಯಾರೂ ಹೇಳುವುದಿಲ್ಲವಲ್ಲ, ಹಾಗೆ. ಬೋರ್ಡು ಕೊಟ್ಟರೆ ಮಾತು ಬರುವುದಿಲ್ಲ ಎಂದು ಹೆದರುವ ಅಪ್ಪ ಅಮ್ಮಂದಿರು ಈಗಲೂ ಇದ್ದಾರೆ. ಬೋರ್ಡು ಬಳಸುವುದರಿಂದ ಮಾತು ನಿಲ್ಲುವುದಿಲ್ಲ, ಎಷ್ಟೋ ಮಕ್ಕಳಲ್ಲಿ ಮಾತಿಗೆ ಅದೇ ಆಸರೆ ಎಂದು ಅವರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ.

ಮೊದಲು ಗುರಿಯ ವಿಷಯ. ವೈಯಕ್ತಿಕ ಶೈಕ್ಷಣಿಕ ಯೋಜನೆಯಲ್ಲಿ, ನಾವೆಲ್ಲ ಐಇಪಿ ಅನ್ನುವುದರಲ್ಲಿ, ‘ಓದುವ ಸಾಮರ್ಥ್ಯ ಹೆಚ್ಚಿಸುವುದು’ ಎಂದು ಬರೆದರೆ ಅದು ಗುರಿಯಾಗುವುದಿಲ್ಲ, ಹಾರೈಕೆಯಾಗುತ್ತದೆ. ನಾನು ಬರೆಯುವುದು ಹೀಗೆ: ‘ಒತ್ತಕ್ಷರವಿಲ್ಲದ, ಎರಡು ಮೂರು ಅಕ್ಷರದ 20 ಪದಗಳ ಪಟ್ಟಿ ಕೊಟ್ಟಾಗ ಯಾವ ಸುಳಿವೂ ಇಲ್ಲದೆ 16 ಪದ ಸರಿಯಾಗಿ ಓದುತ್ತಾಳೆ, ಬೇರೆ ಬೇರೆ ಮೂರು ದಿನ, ಇಬ್ಬರು ಶಿಕ್ಷಕರ ಮುಂದೆ.’ ಇಬ್ಬರು ಶಿಕ್ಷಕರು ಅನ್ನುವ ಷರತ್ತು ಮುಖ್ಯ. ನನ್ನ ಮುಂದೆ ಮಾತ್ರ ಓದುವ ಮಗು ಇನ್ನೂ ಓದುವುದನ್ನು ಕಲಿತಿಲ್ಲ, ನನ್ನ ಮುಖ ನೋಡಿ ಊಹಿಸುವುದನ್ನು ಕಲಿತಿದೆ. ಒಂದು ಅವಧಿಗೆ ಮೂರೋ ನಾಲ್ಕೋ ಗುರಿ ಸಾಕು. ಹನ್ನೆರಡು ಗುರಿಯ ಐಇಪಿ ನೋಡಲು ಚೆಂದ, ಆದರೆ ಜೂನ್‌ನಲ್ಲಿ ಬರೆದದ್ದನ್ನು ಮಾರ್ಚ್‌ವರೆಗೆ ಯಾರೂ ತೆರೆಯುವುದಿಲ್ಲ.

ದಿನದ ದಾಖಲೆಗೆ ಒಂದು ಸಾಲು ಸಾಕು. ಪ್ರತಿ ಪ್ರಯತ್ನದ ಮುಂದೆ ಒಂದು ಗುರುತು: ತಾನೇ ಮಾಡಿದರೆ ‘ತಾ’, ಸನ್ನೆಗೆ ಮಾಡಿದರೆ ‘ಸ’, ಬಾಯಲ್ಲಿ ಹೇಳಿದ ಮೇಲೆ ಮಾಡಿದರೆ ‘ಮಾ’, ಕೈ ಹಿಡಿದು ಮಾಡಿಸಿದರೆ ‘ಕೈ’. ಬರೀ ಸರಿ ತಪ್ಪು ಹಾಕಿದರೆ ಮಗು ಎಲ್ಲಿದೆ ಎಂದು ತಿಳಿಯುವುದಿಲ್ಲ. ‘ಕೈ’ಯಿಂದ ‘ಸ’ಕ್ಕೆ ಬಂದಿರುವುದು ದೊಡ್ಡ ಪ್ರಗತಿ, ಅದು ಅಂಕಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಹೊಸದಾಗಿ ಬಂದ ಶಿಕ್ಷಕರಿಗೆ ನಂಬಲು ಕಷ್ಟವಾಗುವ ಸಂಗತಿ ಒಂದಿದೆ. ಕಿತ್ತುಹಾಕಲು ಎಲ್ಲಕ್ಕಿಂತ ಕಷ್ಟದ ಸಹಾಯ ಬಾಯಿಮಾತು. ಕೈ ಹಿಡಿಯುವುದನ್ನು ಮಣಿಕಟ್ಟಿಗೆ, ಮೊಣಕೈಗೆ, ಆಮೇಲೆ ಮುಟ್ಟದೆ ಹತ್ತಿರ ಹಿಡಿಯುವುದಕ್ಕೆ ಇಳಿಸಬಹುದು. ‘ಹ್ಞೂಂ, ಮುಂದೆ?’, ‘ಸೋಪ್ ತಗೋ’, ‘ನಲ್ಲಿ ನಿಲ್ಸು’ ಎಂಬ ಮಾತುಗಳನ್ನು ಇಳಿಸುವುದು ಹಾಗೆ ಸುಲಭವಲ್ಲ; ನಮ್ಮ ಬಾಯಿಂದ ಅವು ತಾವಾಗಿ ಬರುತ್ತಿರುತ್ತವೆ, ಮಗುವೂ ಅವಕ್ಕೆ ಕಾಯುತ್ತದೆ. ಆದ್ದರಿಂದ ಕೈ ತೊಳೆಯುವಂಥ ಕೆಲಸಗಳಿಗೆ ಹಿಂದೆ ನಿಂತು, ಬಾಯಿ ಮುಚ್ಚಿ, ಕೈಯಿಂದ ಮಾತ್ರ ನಡೆಸುತ್ತೇನೆ. ಮೊದಮೊದಲು ಕಾಯದೆ ನೆರವು, ಆಮೇಲೆ ಎರಡು ಸೆಕೆಂಡ್ ಕಾದು ನೆರವು, ಆಮೇಲೆ ನಾಲ್ಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ. ನಿಧಾನವಾಗಿ ಗ್ರಹಿಸುವ ಮಗುವಿಗೆ ನಾಲ್ಕನೇ ಸೆಕೆಂಡಿನಲ್ಲಿ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ಅದು ಮೊದಲಿಂದ ಶುರು ಮಾಡಬೇಕಾಗುತ್ತದೆ.

ದರ್ಶಿನಿಯಲ್ಲಿ ಕಾಫಿ ತೆಗೆದುಕೊಳ್ಳುವುದು ಬೆಂಗಳೂರಿನ ಹದಿಹರೆಯದ ಮಕ್ಕಳಿಗೆ ನಾನು ಕಲಿಸುವ ಕೆಲಸಗಳಲ್ಲಿ ಒಂದು. ಕ್ಯೂ ನಿಲ್ಲುವುದು, ಬೇಕಾದ್ದನ್ನು ಹೇಳುವುದು ಅಥವಾ ಕಾರ್ಡ್ ತೋರಿಸುವುದು, ನೋಟು ಕೊಡುವುದು, ಬಿಲ್ಲು ಮತ್ತು ಚಿಲ್ಲರೆ ತೆಗೆದುಕೊಳ್ಳುವುದು, ಚಿಲ್ಲರೆ ಜೇಬಿಗೆ ಹಾಕುವುದು, ಕಾಫಿ ಕೌಂಟರಿಗೆ ಹೋಗುವುದು, ಬಿಲ್ಲು ಇಡುವುದು, ಲೋಟವನ್ನು ಅಂಚಿನಲ್ಲಿ ಹಿಡಿಯುವುದು, ನಿಲ್ಲುವ ಟೇಬಲ್ಲಿಗೆ ತರುವುದು, ಕುಡಿಯುವುದು, ಲೋಟವನ್ನು ಟಬ್ಬಿಗೆ ಹಾಕುವುದು: ಒಟ್ಟು ಹನ್ನೊಂದು ಹೆಜ್ಜೆ. ಕಲಿಸುವುದು ಹಿಂದಿನಿಂದ ಮುಂದಕ್ಕೆ. ಮೊದಲು ಕೊನೆಯ ಹೆಜ್ಜೆ ಮಾತ್ರ ಮಗುವಿನದು, ಉಳಿದದ್ದಕ್ಕೆಲ್ಲ ನಮ್ಮ ನೆರವು. ಹೀಗೆ ಮಾಡಿದರೆ ಮೊದಲ ದಿನದಿಂದಲೇ ಕೆಲಸ ಮುಗಿಸುವುದು ಮಗುವಿನ ಕೈಯಿಂದಲೇ ಆಗುತ್ತದೆ.

ಇದರಲ್ಲಿ ಕೆಡುವುದು ಹೆಚ್ಚಾಗಿ ದೊಡ್ಡವರಿಂದ. ಶಿಕ್ಷಕಿ ಪಕ್ಕದಲ್ಲಿ ನಿಂತರೆ ಕ್ಯಾಷಿಯರ್ ಮಗುವನ್ನು ಬಿಟ್ಟು ಶಿಕ್ಷಕಿಯನ್ನೇ ಕೇಳುತ್ತಾರೆ. ಅದಕ್ಕೇ ಒಂದೂವರೆ ಹೆಜ್ಜೆ ಹಿಂದೆ, ಮಗುವಿನ ಬಲಗಡೆ ಭುಜದ ಹಿಂದೆ ನಿಲ್ಲುತ್ತೇನೆ. ಹಿಂದಿನ ದಿನವೇ ಹೋಗಿ, ‘ಅವನನ್ನೇ ಕೇಳಿ ಸರ್, ಅವನು ಹೇಳೋವರೆಗೂ ಸ್ವಲ್ಪ ಕಾಯಿರಿ’ ಎಂದು ಹೇಳಿ ಬಂದಿರುತ್ತೇನೆ. ಹೋಗುವುದು ಮಧ್ಯಾಹ್ನ ಮೂರರ ಹೊತ್ತಿಗೆ, ಊಟದ ಗದ್ದಲ ಮುಗಿದು ಸಂಜೆಯ ಗುಂಪು ಬರುವ ಮೊದಲು. ಅಲ್ಲಿ ಸಲೀಸಾದ ಮೇಲೆ ಬೇಕೆಂತಲೇ ಅಡ್ಡಿ ತರಬೇಕು: ಕ್ಯಾಷಿಯರ್ ‘ಚಿಲ್ಲರೆ ಇಲ್ವಾ?’ ಅನ್ನಲಿ, ಕಾಫಿ ಮುಗಿದಿರಲಿ, ಬೇರೆ ದರ್ಶಿನಿಗೆ ಹೋಗಲಿ. ಒಂದೇ ಅಂಗಡಿಯಲ್ಲಿ, ಒಂದೇ ಹೊತ್ತಿನಲ್ಲಿ ಕಲಿತದ್ದು ಆ ಅಂಗಡಿಯ ಬಾಗಿಲು ದಾಟುವುದಿಲ್ಲ. ಅಭ್ಯಾಸಕ್ಕೆ ಪ್ಲಾಸ್ಟಿಕ್ ನಾಣ್ಯ ಬೇಡ, ನಿಜವಾದ ದುಡ್ಡೇ ಇರಲಿ. ಎಲ್ಲರೂ ಫೋನಿನಲ್ಲಿ ಕೊಡುತ್ತಾರೆ, ನೋಟು ಯಾಕೆ ಎಂದು ಕೇಳುವವರಿದ್ದಾರೆ. ಕ್ಯೂಆರ್ ಕೋಡ್ ಆಮೇಲೆ ಕಲಿಸಬಹುದು, ಆದರೆ ಅದರಲ್ಲಿ ದುಡ್ಡು ಖರ್ಚಾಗುವುದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೆಟ್ರೋದಲ್ಲಿ ಪ್ರಯಾಣ ಕಲಿಸುವವರು ಭದ್ರತಾ ತಪಾಸಣೆಯನ್ನು ಬೇರೆಯದೇ ಪಾಠವಾಗಿ ಇಟ್ಟುಕೊಳ್ಳಿ. ಯಂತ್ರದ ಬೀಪ್ ಸದ್ದು, ಅಪರಿಚಿತರು ಮೈ ಮುಟ್ಟುವುದು ಆಟಿಸಂ ಇರುವ ಮಗುವಿಗೆ ಟಿಕೆಟ್ಟಿಗಿಂತ ದೊಡ್ಡ ತೊಡಕು.

ಓದುವ ತೊಂದರೆಯ ಮಕ್ಕಳಿಗೆ ಕನ್ನಡ ಕಲಿಸುವಾಗ ಇಂಗ್ಲಿಷಿನ ವಿಧಾನಗಳನ್ನು ಹಾಗೇ ತಂದು ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಲಿಪಿಯ ತೊಡಕುಗಳೇ ಬೇರೆ. ಮಗು ‘ಕ ಕಾ ಕಿ ಕೀ’ ಎಂದು ಕಾಗುಣಿತವನ್ನು ಒಂದೇ ಉಸಿರಿಗೆ ಹೇಳುತ್ತದೆ. ‘ಕೀ’ ಒಂದನ್ನೇ ಬರೆದು ತೋರಿಸಿದರೆ ತಡವರಿಸುತ್ತದೆ, ಇಲ್ಲವೇ ಮೊದಲಿಂದ ಹಾಡಿಕೊಂಡು ಅಲ್ಲಿಗೆ ಬರುತ್ತದೆ. ಅದು ಬಾಯಿಪಾಠ. ನಾನು ಅಡ್ಡಸಾಲು ಬಿಟ್ಟು ಉದ್ದಸಾಲು ಹಿಡಿಯುತ್ತೇನೆ: ಒಂದು ವ್ಯಂಜನಕ್ಕೆ ಎಲ್ಲ ಚಿಹ್ನೆ ಹಚ್ಚದೆ, ಒಂದೇ ಚಿಹ್ನೆಯನ್ನು ಹಲವು ವ್ಯಂಜನಕ್ಕೆ ಹಚ್ಚುವುದು. ಗುಡಿಸು ಒಂದನ್ನೇ ಹಿಡಿದು ರಿ, ಗಿ, ಸಿ, ದಿ. ಅದು ಗಟ್ಟಿಯಾದ ಮೇಲೆ ಇಳಿ, ಆಮೇಲೆ ಕೊಂಬು. ಕೊಂಬಿಗೆ ಬಂದಾಗ ಪು, ವು ಎರಡನ್ನೂ ಬೇರೆಯಾಗಿ ಇಟ್ಟುಕೊಳ್ಳಬೇಕು. ಅವುಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ, ‘ವು’ ನೋಡಿ ‘ಮ’ ಎಂದು ಓದುವ ಮಕ್ಕಳು ಎಷ್ಟೋ. ಸರ್ಕಾರಿ ಶಾಲೆಗಳ ನಲಿ ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಆದ ಮೇಲೆ ಬರುವ ಗುಂಪಿನಲ್ಲೇ ವ, ಮ ಎರಡೂ ಇವೆ. ಬೇರೆ ಮಕ್ಕಳಿಗೆ ತೊಂದರೆಯಿಲ್ಲ. ಅಕ್ಷರ ಗೊಂದಲವಿರುವ ಮಗುವಿಗೆ ‘ವ’ ಕೈಗೆ ಹತ್ತಿ ಎರಡು ಮೂರು ವಾರ ಕಳೆಯುವವರೆಗೆ ‘ಮ’ ಕಾರ್ಡನ್ನು ತೆಗೆದಿಡುತ್ತೇನೆ.

ಒತ್ತಕ್ಷರದಲ್ಲಿ ಮೊದಲು ಸಜಾತೀಯ. ಅದರಲ್ಲೂ ಒತ್ತು ಮೂಲ ಅಕ್ಷರದಂತೆಯೇ ಕಾಣುವ ಪದಗಳು ಮೊದಲು: ಅಕ್ಕ, ಹಗ್ಗ, ಅಪ್ಪ, ಹಬ್ಬ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯಿಲ್ಲ. ಹಾಗಾಗಿ ಈ ಆರನ್ನು ಕಾರ್ಡಿನ ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಒತ್ತು ಬರೆದು ಜೋಡಿಯಾಗಿಯೇ ಕಲಿಸಬೇಕು. ಆಮೇಲೆ ಪುಸ್ತಕ, ಚಕ್ರದಂಥ ವಿಜಾತೀಯ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ‘ಸೂರ್ಯ’ದಲ್ಲಿ ಬರೆಯುವಾಗ ಕೊನೆಗೆ ಬರುವ ಗುರುತನ್ನು ಓದುವಾಗ ‘ಯ’ಗಿಂತ ಮೊದಲು ಉಚ್ಚರಿಸಬೇಕು. ಅಭ್ಯಾಸದ ಹಾಳೆಯ ಅಕ್ಷರ 20 ಪಾಯಿಂಟ್ ಇರಲಿ, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಬಿಡಿ. ಸಾಲು ಒತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಯಾವುದು ಯಾವ ಅಕ್ಷರದ್ದು ಎಂದು ತಿಳಿಯುವುದಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ‘ಹಾಲು’ವನ್ನು ‘ಆಲು’ ಎನ್ನುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು ಎಷ್ಟೋ ಮನೆಗಳ ಮಾತು. ಅದನ್ನು ದೋಷವೆಂದು ಎಣಿಸಿ ಡಿಸ್ಲೆಕ್ಸಿಯಾ ಎಂದು ಶಂಕಿಸುವ ಶಿಕ್ಷಕರಿಗೆ ಮಗುವಿನ ಅಜ್ಜಿಯ ಜೊತೆ ಹತ್ತು ನಿಮಿಷ ಮಾತಾಡಿ ಬನ್ನಿ ಎನ್ನುತ್ತೇನೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಮಾತಾಡುವವರಿಗೆ ‘ಮನೆ ಭಾಷೆ ಬಿಡಿ, ಇಂಗ್ಲಿಷೊಂದೇ ಇರಲಿ’ ಎಂದು ಸಲಹೆ ಕೊಡುವುದನ್ನು ಈ ಊರಿನಲ್ಲಿ ಧಾರಾಳವಾಗಿ ಕೇಳಬಹುದು. ನಾನು ಆ ಸಲಹೆ ಕೊಡುವುದಿಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಆಗಲಿ ಬೌದ್ಧಿಕ ತೊಂದರೆಯಾಗಲಿ ಹೆಚ್ಚುವುದಿಲ್ಲ. ಅಮ್ಮನಿಗೆ ಸರಿಯಾಗಿ ಬರದ ಇಂಗ್ಲಿಷಿನಲ್ಲಿ ಅಮ್ಮ ಮಾತಾಡತೊಡಗಿದರೆ ಮಗುವಿನ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ.

ನಡವಳಿಕೆಯ ವಿಷಯದಲ್ಲಿ ನಾನು ಬರೆದುಕೊಳ್ಳುವುದು ಮೂರು ಅಂಕಣ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. ಉತ್ತರ ಸಾಮಾನ್ಯವಾಗಿ ಮೂರನೇ ಅಂಕಣದಲ್ಲಿರುತ್ತದೆ. ಬರೆಯುವ ಕೆಲಸದಿಂದ ತಪ್ಪಿಸಿಕೊಳ್ಳಲು ಹೊಡೆಯುವ ಮಗುವನ್ನು ತರಗತಿಯಿಂದ ಹೊರಗೆ ಕಳಿಸಿದರೆ ನಾವು ಅದಕ್ಕೆ ಸಂಬಳ ಕೊಟ್ಟ ಹಾಗೆ. ‘ಸ್ವಲ್ಪ ಬಿಡುವು ಬೇಕು’ ಎಂಬ ಕಾರ್ಡು ತೋರಿಸಲು ಕಲಿಸಿ, ತೋರಿಸಿದ ತಕ್ಷಣ ಎರಡು ನಿಮಿಷ ಬಿಡಬೇಕು. ಶುರುವಿನಲ್ಲಿ ದಿನಕ್ಕೆ ಮೂವತ್ತು ಸಲ ತೋರಿಸಿದರೂ ಪರವಾಗಿಲ್ಲ, ಆಮೇಲೆ ಕಾರ್ಡುಗಳನ್ನು ಎಣಿಸಿ ಕೊಡಬಹುದು. ಹೊಡೆತ ಬೈಗುಳಕ್ಕಂತೂ ಜಾಗವಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮೇ ಅದನ್ನು ನಿಷೇಧಿಸುತ್ತದೆ.

ಶ್ಯಾಡೋ ಟೀಚರ್ ಇದ್ದರೆ ಕುರ್ಚಿಯ ಜಾಗವನ್ನೇ ಐಇಪಿಯಲ್ಲಿ ಬರೆಯುತ್ತೇನೆ. ಮೊದಲ ಅವಧಿಗೆ ಮಗುವಿನ ಪಕ್ಕ, ಮುಂದಿನದಕ್ಕೆ ಹಿಂದಿನ ಬೆಂಚು, ಅದರ ಮುಂದಿನದಕ್ಕೆ ಕೋಣೆಯ ಮೂಲೆ. ತರಗತಿ ಶಿಕ್ಷಕರು ಮಗುವಿಗೆ ಹೇಳಬೇಕಾದ್ದನ್ನು ಶ್ಯಾಡೋ ಮೂಲಕ ಹೇಳಿಸತೊಡಗಿದರೆ ಮಗು ಆ ತರಗತಿಯಲ್ಲಿ ಹೆಸರಿಗೆ ಮಾತ್ರ ಇದ್ದಂತೆ.

ಪರೀಕ್ಷೆಯ ರಿಯಾಯಿತಿಗಳೂ ಸಹಾಯವೇ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯದ ಮಾತಿದೆ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ. ಅಷ್ಟು ಹೊತ್ತು ಕೂತು ಕೆಲಸ ಮಾಡುವುದನ್ನೂ ಕಲಿಸಬೇಕು, ಇಲ್ಲದಿದ್ದರೆ ಮಗು ಕಿಟಕಿ ನೋಡುತ್ತಾ ಕಳೆಯುತ್ತದೆ. ಮಗು ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರರೊಂದಿಗೆ ಬರೆಸುವ ಅಭ್ಯಾಸ ಎಂಟನೇ ತರಗತಿಯಲ್ಲೇ ಶುರುವಾಗಬೇಕು. ‘ಭಿನ್ನರಾಶಿ, ಮೇಲೆ ಮೂರು, ಗೆರೆ, ಕೆಳಗೆ ನಾಲ್ಕು, ಅಧಿಕ’ ಎಂದು ಲೆಕ್ಕವನ್ನು ಬಾಯಲ್ಲಿ ಬಿಡಿಸಿ ಹೇಳುವುದು ಎಸ್ಸೆಸ್ಸೆಲ್ಸಿ ವರ್ಷದ ಜನವರಿಯಲ್ಲಿ ಕಲಿಯುವ ಕೆಲಸವಲ್ಲ. ಭಾಷಾ ವಿನಾಯಿತಿಗೆ ಮಾತ್ರ ನಾನು ಅವಸರ ಮಾಡುವುದಿಲ್ಲ. ಕನ್ನಡ ಪರೀಕ್ಷೆಯಿಂದ ವಿನಾಯಿತಿ ಸಿಕ್ಕರೂ ಬಸ್ಸಿನ ಬೋರ್ಡು ಓದುವಷ್ಟು, ಅರ್ಜಿಯಲ್ಲಿ ಹೆಸರು ವಿಳಾಸ ಬರೆಯುವಷ್ಟು ಕನ್ನಡ ಐಇಪಿಯಲ್ಲಿ ಉಳಿಯಬೇಕು.

ಇನ್ನು ನನ್ನ ಗಡಿಗಳು. ನಾನು ಶೈಕ್ಷಣಿಕ ಮೌಲ್ಯಮಾಪನ ಮಾಡುತ್ತೇನೆ, ರೋಗನಿರ್ಣಯ ಮಾಡುವುದಿಲ್ಲ. ಮೊದಲು ಕಣ್ಣು, ಕಿವಿ ಪರೀಕ್ಷೆ. ಬುದ್ಧಿಮಾಪನ ನೋಂದಾಯಿತ ಮನಃಶಾಸ್ತ್ರಜ್ಞರ ಕೆಲಸ, ಅದಕ್ಕೆ ನಿಮ್ಹಾನ್ಸ್‌ನಂಥ ಜಾಗಕ್ಕೆ ಕಳಿಸುತ್ತೇನೆ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇಲ್ಲದೆ ವಿಶೇಷ ಶಿಕ್ಷಕರೆಂದು ಕೆಲಸ ಮಾಡುವುದು 1992ರ ಕಾಯ್ದೆಯ ಪ್ರಕಾರ ತಪ್ಪು. ಪೋಷಕರು ನೋಂದಣಿ ಸಂಖ್ಯೆ ಕೇಳಿದರೆ ಬೇಜಾರು ಮಾಡಿಕೊಳ್ಳಬಾರದು. ‘ಆರು ತಿಂಗಳಲ್ಲಿ ಸರಿಹೋಗುತ್ತಾ ಮೇಡಂ?’ ಎಂಬ ಪ್ರಶ್ನೆಗೆ ಆರು ತಿಂಗಳಲ್ಲಿ ಯಾವ ಮೂರು ಕೆಲಸ ಕಲಿಸಲು ಹೊರಟಿದ್ದೇನೆ ಎಂದು ಮಾತ್ರ ಹೇಳುತ್ತೇನೆ. ಶೌಚದ ನೆರವು ಕೊಡುವಾಗ ಇನ್ನೊಬ್ಬರಿಗೆ ತಿಳಿಸಿಯೇ ಹೋಗುತ್ತೇನೆ, ಮಗುವಿಗೆ ಪ್ರತಿ ಸಲ ‘ಈಗ ಚಡ್ಡಿ ತೆಗೀತೀನಿ’ ಎಂದು ಹೇಳಿಯೇ ಮುಟ್ಟುತ್ತೇನೆ. ಇಲ್ಲಿ ಮಾತ್ರ ಬಾಯಿಮಾತು ಬೇಕೇ ಬೇಕು. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಶಾಲೆಯ ಮರ್ಯಾದೆಯ ಮಾತೇ ಬರುವುದಿಲ್ಲ. ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಮನೆಗೆಲಸವೆಂದು ತಾಯಿಗೆ ಕೊಡುವುದು ದಿನಕ್ಕೆ ಹತ್ತು ನಿಮಿಷದ್ದು, ಅದೂ ಮನೆಯಲ್ಲಿ ಹೇಗೂ ನಡೆಯುವ ಕೆಲಸದಲ್ಲಿ: ಊಟಕ್ಕೆ ತಟ್ಟೆ ಎಣಿಸಿ ಇಡುವುದು, ಚಪ್ಪಲಿ ಜೋಡಿ ಮಾಡುವುದು. ಆ ತಾಯಿಗೆ ಬೇರೆ ಮಕ್ಕಳಿರುತ್ತಾರೆ, ಕೆಲಸವಿರುತ್ತದೆ. ಅವರನ್ನು ಸಂಬಳವಿಲ್ಲದ ಥೆರಪಿಸ್ಟ್ ಮಾಡುವುದು ನನಗೆ ಸರಿಕಾಣದು. ಮಗು ಹದಿನೇಳಕ್ಕೆ ಬಂದಾಗ ಯುಡಿಐಡಿ ಕಾರ್ಡು, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ, ಸರಿಯಿದೆಯೇ ನೋಡಿ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಹದಿನೆಂಟರ ನಂತರದ ಪೋಷಕತ್ವಕ್ಕೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಹಾಕುವ ಬಗ್ಗೆ ಮಾತು ತೆಗೆಯುತ್ತೇನೆ. ಎಲ್ಲರಿಗೂ ಅದು ಬೇಕಾಗಿಲ್ಲ.

ಮಗು ಶಾಲೆ ಬದಲಿಸಿದಾಗ ಫೈಲಿನ ಮೇಲೆ ಒಂದೇ ಹಾಳೆ ಇಡುತ್ತೇನೆ: ಈಗ ತಾನೇ ಮಾಡುವ ಕೆಲಸಗಳು, ಈಗ ಬೇಕಿರುವ ನೆರವು, ಏನು ಕಂಡರೆ ಹೆದರುತ್ತದೆ, ಏನು ಕೊಟ್ಟರೆ ಖುಷಿ. ಕೊನೆಯಲ್ಲಿ ‘ಈಗಾಗಲೇ ತೆಗೆದಿರುವ ನೆರವು’ ಎಂಬ ಪಟ್ಟಿ, ಪ್ರತಿಯೊಂದರ ಮುಂದೆ ತಾರೀಖು. ಈ ಪಟ್ಟಿಯಿಲ್ಲದಿದ್ದರೆ ಹೊಸ ಶಾಲೆಯವರು ಒಳ್ಳೆಯ ಮನಸ್ಸಿನಿಂದಲೇ ಮತ್ತೆ ಕೈ ಹಿಡಿದು ಬರೆಸಲು ಶುರು ಮಾಡುತ್ತಾರೆ. ಒಂದು ಪ್ರತಿ ಶಾಲೆಗೆ, ಒಂದು ಮನೆಗೆ; ಎರಡರ ಮೇಲೂ ಪೋಷಕರ ಸಹಿ.