ಹೋಳಿಗೆ ತಿಂದರೂ ಇಳಿದ ಫಾಸ್ಟಿಂಗ್ ಶುಗರ್

ಮೈಸೂರಿನಲ್ಲಿ ಹಾಲಿನ ಬೂತ್ ನಡೆಸುವವನು ನಾನು. ನಾಲ್ಕಕ್ಕೆ ಹಾಲಿನ ಗಾಡಿ ಬರುತ್ತದೆ, ಮೂರೂವರೆಗೆ ಏಳಲೇಬೇಕು. ಲೆಕ್ಕ ಬರೆದು, ಕ್ರಿಕೆಟ್ ನೋಡಿ ಮಲಗುವಾಗ ಹನ್ನೊಂದೂವರೆ. ಸಕ್ಕರೆ ಕಾಯಿಲೆಯವನು. ಮುದ್ದೆ, ಸೊಪ್ಪು, ಮೆಟ್‌ಫಾರ್ಮಿನ್ ಮಾತ್ರೆ, ಕುಕ್ಕರಹಳ್ಳಿ ಕೆರೆಯ ಸುತ್ತು ಯಾವುದನ್ನೂ ತಪ್ಪಿಸಿದವನಲ್ಲ. ಆದರೂ ಫಾಸ್ಟಿಂಗ್, ಅಂದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡುವ ರಕ್ತದ ಸಕ್ಕರೆ, 170ರಿಂದ ಕೆಳಗಿಳಿಯದು. ಭಾವಮೈದುನನ ಮಾತು ಕೇಳಿ ತಿಂಗಳುಗಟ್ಟಲೆ ಹಾಗಲಕಾಯಿ ರಸ ಕುಡಿದೆ. ಬಾಯಿ ಕೆಟ್ಟಿತು, ಅಂಕಿ ಕದಲಲಿಲ್ಲ. ರಾತ್ರಿ ಊಟ ಬಿಟ್ಟು ನೋಡಿದೆ. ಬೆಳಗ್ಗೆ ಇನ್ನೂ ಹತ್ತು ಜಾಸ್ತಿ.

ಸುಳಿವು ಸಿಕ್ಕಿದ್ದು ಊರಿನ ಮದುವೆಯಲ್ಲಿ. ಮಗನಿಗೆ ಬೂತ್ ಒಪ್ಪಿಸಿ ಮೂರು ರಾತ್ರಿ ಎಂಟೆಂಟು ಗಂಟೆ ಮಲಗಿದೆ. ಹೋಳಿಗೆ ತಿಂದಿದ್ದರೂ ಮೂರನೆಯ ಬೆಳಗ್ಗೆ 138!

ಇನ್ನು ಎಂಟೂವರೆಗೇ ಮಲಗುತ್ತೇನೆ ಎಂದಾಗ ಮನೆಯವಳು, 'ಕೋಳಿಗಳ ಜೊತೆಗೇ ಗೂಡು ಸೇರಿಬಿಡಿ' ಎಂದು ನಕ್ಕಳು. ಮೊದಲ ಎರಡು ವಾರ ಗೆದ್ದವಳು ಅವಳೇ. ಜಂತೆ ಎಣಿಸುತ್ತಾ ಹನ್ನೊಂದರವರೆಗೂ ಎಚ್ಚರವಾಗಿರುತ್ತಿದ್ದೆ. ಆಮೇಲೆ ಮಲಗುವ ಹೊತ್ತನ್ನು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷದಂತೆ ಹಿಂದಕ್ಕೆ ತಂದೆ. ಊಟ ಆರೂವರೆಗೆ ಬಂತು. ಮಧ್ಯಾಹ್ನದ ಎರಡು ತಾಸಿನ ನಿದ್ದೆಯನ್ನು ಅಲಾರಂ ಇಟ್ಟು ಇಪ್ಪತ್ತೈದು ನಿಮಿಷಕ್ಕೆ ಇಳಿಸಿದೆ. ಆ ಎರಡು ತಾಸು ರಾತ್ರಿಯ ನಿದ್ದೆಯನ್ನು ತಿನ್ನುತ್ತಿತ್ತು.

ನಡುವೆ ಸುಮಾರು ಐದು ಸಾವಿರ ಕೊಟ್ಟು ತೋಳಿಗೆ ಹಗಲೂ ರಾತ್ರಿ ಸಕ್ಕರೆ ಅಳೆಯುವ ಹದಿನಾಲ್ಕು ದಿನದ ಸೆನ್ಸರ್ ಹಾಕಿಸಿಕೊಂಡೆ. ರಾತ್ರಿ ಎರಡಕ್ಕೆ ಅದು 58 ಎಂದು ಕೂಗಿತು. ಹೆದರಿ ಬೆಲ್ಲದ ಅಚ್ಚೊಂದನ್ನು ನುಂಗಿದೆ, ಬೆಳಗ್ಗೆ 210. ಮರುರಾತ್ರಿಯೂ ಕೂಗಿದಾಗ ಬೆರಳು ಚುಚ್ಚಿ ನೋಡಿದರೆ 112! ಸೆನ್ಸರ್ ಇದ್ದ ತೋಳನ್ನೇ ಅದುಮಿಕೊಂಡು ಮಲಗಿದ್ದೆ. ಒತ್ತಿದರೆ ಅದು ಸುಳ್ಳೇ ಕಡಿಮೆ ತೋರಿಸುತ್ತದೆ. ಅಂದಿನಿಂದ ಬಲಮಗ್ಗುಲು.

ಈಗ ಆರೂವರೆ ಗಂಟೆ ನಿದ್ದೆ, ಫಾಸ್ಟಿಂಗ್ 125ರಿಂದ 130. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ (HbA1c) 8.2 ಇದ್ದದ್ದು 7.1ರ ಹತ್ತಿರ ಬಂದಿದೆ. ಮಾತ್ರೆ ಒಂದನ್ನೂ ಬಿಟ್ಟಿಲ್ಲ. ಮೊದಲು ತಲೆ ಅಲ್ಲಾಡಿಸಿದ್ದ ಡಾಕ್ಟರೇ ಈಗ ಬೇರೆ ರೋಗಿಗಳಿಗೆ ನನ್ನ ಚೀಟಿ ತೋರಿಸುತ್ತಾರಂತೆ. ಪಕ್ಕದ ಬಡಾವಣೆಯ ಹಾಲಿನ ಏಜೆಂಟ್ ಗೆಳೆಯನಿಗೆ ಮಾತ್ರ ಇದು ಫಲಿಸಲಿಲ್ಲ. ಅವನದು ಗೊರಕೆ, ನಡುವೆ ಉಸಿರೇ ನಿಲ್ಲುವಂಥದ್ದು. ಅದಕ್ಕೆ ನಿದ್ದೆಯ ಪರೀಕ್ಷೆಯೇ ಆಗಬೇಕು, ನನ್ನ ಗಡಿಯಾರ ಸಾಲದು.

ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತಿಸಿಕೊಳ್ಳಲು ನನ್ನದೊಂದು ಉಪಾಯವಿದೆ. ಅದನ್ನು ಬೂತಿಗೆ ಬಂದು ಅರ್ಧ ಲೀಟರ್ ಮೊಸರು ಕೊಂಡವರಿಗೆ ಮಾತ್ರ ಹೇಳುತ್ತೇನೆ. ಸಂಜೆಯ ವ್ಯಾಪಾರಕ್ಕೆ ಹುಡುಗನನ್ನು ಇಟ್ಟಿದ್ದೇನೆ, ತಿಂಗಳಿಗೆ ನಾಲ್ಕು ಸಾವಿರ. ಬೆರಳು ಚುಚ್ಚಿ ನೋಡುವ ಸ್ಟ್ರಿಪ್ಪಿನ ಖರ್ಚಿನಲ್ಲಿ ಉಳಿದದ್ದು ಅದರ ಕಾಲು ಭಾಗವೂ ಇಲ್ಲ. ಮನೆಯವಳು ಈಗ ನಗುವುದು ಈ ಲೆಕ್ಕಕ್ಕೆ.