ತಾತನ ಆಲೆಮನೆ ಕವಿತೆಯಾಗಿದ್ದು

ನಮ್ಮದು ಮಂಡ್ಯ ಸೀಮೆಯ ಹಳ್ಳಿ. ಕಬ್ಬಿನ ಗದ್ದೆ, ಅದರ ಬದಿಯಲ್ಲೇ ತಾತನ ಆಲೆಮನೆ. ತಾತ ತೀರಿಕೊಂಡ ವರ್ಷ ಅವರ ಮೇಲೆ ಕವಿತೆ ಬರೆಯಲು ಕೂತೆ. ‘ಅನ್ನದಾತ’, ‘ಬೆವರ ಮುತ್ತು’, ‘ಮಣ್ಣಿನ ಮಗ’ ಎಲ್ಲ ಬಂತು. ಓದಿ ನೋಡಿದರೆ ಯಾವ ರೈತನ ಮೇಲೆ ಬರೆದದ್ದು ಅಂತಲೇ ತಿಳಿಯುತ್ತಿರಲಿಲ್ಲ. ಹರಿದು ಹಾಕಿದೆ.

ಒಂದು ಭಾನುವಾರ ಮೈಸೂರಿನಿಂದ ಊರಿಗೆ ಹೋಗಿ ಅಪ್ಪನ ಮುಂದೆ ಕೂತೆ. ‘ಬೆಲ್ಲ ಹೆಂಗೆ ಮಾಡ್ತಿದ್ರಿ, ಮೊದಲಿಂದ ಹೇಳಪ್ಪ’ ಅಂದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಾನು ‘ಕಬ್ಬಿನ ರಸ’ ಅಂದಾಗಲೆಲ್ಲ ಅಪ್ಪ ತಡೆದರು. ‘ಗಾಣದಿಂದ ಬರೋದು ಹಾಲು. ಹಾಲು ಅನ್ನು.’

ಹದ ನೋಡುವ ಮಾತು ಬಂದಾಗ ಅಪ್ಪ ಎದ್ದು ನಿಂತು ಮಾಡಿಯೇ ತೋರಿಸಿದರು. ಕೊಪ್ಪರಿಗೆಯಲ್ಲಿ ಹಾಲು ಕುದ್ದು ಕುದ್ದು ಪಾಕವಾಗುತ್ತದೆ. ತಾತ ಅದರಲ್ಲಿ ಒಂದಿಷ್ಟು ತೆಗೆದು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ಉಂಡೆ ಕಟ್ಟದಿದ್ದರೆ ಇನ್ನೂ ಉರಿ ಬೇಕು. ಕಟ್ಟಿತೋ, ತಕ್ಷಣ ಇಳಿಸಬೇಕು. ತಡವಾದರೆ ಸೀದು ಕಪ್ಪಾಗುತ್ತದೆ. ಬೇಗ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗಲ್ಲ. ಇಡೀ ಕೊಪ್ಪರಿಗೆಯ ಬೆಲ್ಲ ಎರಡು ಬೆರಳ ಮೇಲೆ ನಿಂತಿರುತ್ತಿತ್ತು. ಅದೇ ಕೈ ಸವೆದು ಸವೆದು ಕೊನೆಗಾಲದಲ್ಲಿ ರೇಷನ್ ಅಂಗಡಿಯ ಮೆಷಿನ್ ಮೇಲೆ ಹೆಬ್ಬೆಟ್ಟು ಮೂಡುತ್ತಿರಲಿಲ್ಲ. ಪಕ್ಕದಲ್ಲಿ ಕಾರ್ಡ್ ಹಿಡಿದು ನಿಂತಿರುತ್ತಿದ್ದವನು ನಾನು. ತಾತ ಸುಮ್ನೆ ಪಂಚೆಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕವಿತೆಯ ಅಳತೆಗೆ ಅಜ್ಜಿಯ ರಾಗಿ ಬೀಸುವ ಪದಗಳ ತ್ರಿಪದಿ ಹಿಡಿದೆ. ಮೂರು ಸಾಲಿಗೆ 4, 4, 3 ಗಣ, ಅಂದರೆ ಅಕ್ಷರಗಳ ಗುಂಪು. ಗಣ ಎಣಿಸುತ್ತಾ ಹೋದಂತೆ ಅಪ್ಪನ ಮಾತೇ ತಪ್ಪಿಹೋಗುತ್ತಿತ್ತು. ಲೆಕ್ಕ ಬಿಟ್ಟೆ. ಕೊನೆಯ ಸಾಲು ಚಿಕ್ಕದಾಗಿರಲಿ ಅನ್ನುವುದನ್ನು ಮಾತ್ರ ಉಳಿಸಿಕೊಂಡೆ:

ಕುದಿವ ಕೊಪ್ಪರಿಗೆ ಪಕ್ಕ ತಾತ ನಿಂತವ್ನೆ
ನೀರಿಗೆ ಬಿಟ್ಟ ಪಾಕ ಬೆರಳಲ್ಲಿ ಉಂಡೆ ಆಯ್ತು
‘ಇಳುಸ್ರಲಾ’ ಅಂದ

ಹಬ್ಬಕ್ಕೆ ಹೋದಾಗ ಪೂರ್ತಿ ಓದಿ ಹೇಳಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ‘ಬೆಂಡೆಗಿಡ ಎಲ್ಲೋಯ್ತು?’ ಅಂದರು. ಬೆಂಡೆಗಿಡ ಜಜ್ಜಿದ ಲೋಳೆ ಹಾಕಿದರೆ ಹಾಲಿನ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಹಾಕುತ್ತಾರೆ. ಆ ಗಿಡ ಜಜ್ಜುತ್ತಿದ್ದದ್ದು ಅಜ್ಜಿಯಂತೆ. ಅವತ್ತೇ ರಾತ್ರಿ ಅಜ್ಜಿಗೆ ಮೂರು ಸಾಲು ಸೇರಿಸಿದೆ.