ಊರ ಗಿಡಗಳ ಪ್ರದರ್ಶನ ಇಡುವವರಿಗೆ

ಅರಸೀಕೆರೆ, ಕಡೂರು ಕಡೆಯ ಶಾಲೆಯಲ್ಲೋ ಊರಹಬ್ಬದಲ್ಲೋ ಬಯಲುಸೀಮೆ ಗಿಡಗಳ ಪ್ರದರ್ಶನ ಇಡುವ ಯೋಚನೆ ಇದ್ದರೆ, ಮೊದಲು ಪಟ್ಟಿ ಸರಿ ಮಾಡಿಕೊಳ್ಳಿ. ಒಣನೆಲ ಅಂದ ತಕ್ಷಣ ಎಲ್ಲರೂ ಪಾಪಾಸುಕಳ್ಳಿ, ಕತ್ತಾಳೆ ತಂದು ಇಡುತ್ತಾರೆ. ಬೇಲಿ ತುಂಬ ಅವೇ ಕಾಣುತ್ತವೆ, ನಮ್ಮವೇ ಅನ್ನಿಸುತ್ತದೆ ಅಲ್ವಾ? ಎರಡೂ ಅಮೆರಿಕ ಖಂಡದಿಂದ ಬಂದವು. ಬಳ್ಳಾರಿ ಜಾಲಿ, ಲಂಟಾನ ಕೂಡ ಅಲ್ಲಿಯವೇ. ಇವನ್ನು 'ಹೊರಗಿನಿಂದ ಬಂದವು' ಅಂತ ಬೋರ್ಡ್ ಹಾಕಿ ಬೇರೆ ಮೇಜಿನ ಮೇಲಿಡಿ. ಜನ ಜಾಸ್ತಿ ನಿಂತು ಮಾತಾಡುವುದು ಆ ಮೇಜಿನ ಹತ್ತಿರವೇ.

ನಮ್ಮವು ಬೇಕೆಂದರೆ ತಂಗಡಿ, ಎಕ್ಕ, ಬಂದರಿಕೆ, ಕರಿಜಾಲಿ, ಮಂಗರವಳ್ಳಿ ಸಾಕು. ತಂಗಡಿ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಇದನ್ನು ಚೀಟಿಯಲ್ಲಿ ಬರೆಯಿರಿ. ವೈಜ್ಞಾನಿಕ ಹೆಸರು ಸಣ್ಣಕ್ಷರದಲ್ಲಿದ್ದರೆ ಸಾಕು. ಎಕ್ಕದ ಎಲೆ ತಿರುಗಿಸಿ ನೋಡಿ, ಪಟ್ಟೆಪಟ್ಟೆ ಕಂಬಳಿಹುಳುವಿನಂಥದ್ದು ಸಿಕ್ಕರೆ ಹಾಗೇ ಬಿಡಿ. ಅದು ಚಿಟ್ಟೆಯ ಮರಿ, ಮಕ್ಕಳಿಗೆ ಅದೇ ದೊಡ್ಡ ಆಕರ್ಷಣೆ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಆ ಕುಂಡವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲಿ.

ಕಾವಲಿನಿಂದ, ಅಂದರೆ ದನ ಮೇಯುವ ಹುಲ್ಲುಬಯಲಿನಿಂದ, ಗಿಡ ಕಿತ್ತು ತರಬೇಡಿ. ಕಿತ್ತದ್ದು ಸಂಜೆಗೇ ಬಾಡುತ್ತದೆ, ಸುಮ್ನೆ ಗಿಡವೂ ಹೋಯಿತು. ಮೊದಲೇ ತಂಗಡಿ ಬೀಜ ಆರಿಸಿ, ಬಿಸಿನೀರಲ್ಲಿ ರಾತ್ರಿ ನೆನೆಸಿ ಕುಂಡಕ್ಕೆ ಹಾಕಿ. ಸಿಪ್ಪೆ ಗಟ್ಟಿ, ನೆನೆಸದಿದ್ದರೆ ಮೊಳಕೆ ತಡ. ಉಳಿದ ಬೀಜವನ್ನು ಪೊಟ್ಟಣ ಕಟ್ಟಿ ಬಂದವರಿಗೆ ಕೊಡಿ.